ಗುಡ್ಡ ನೋಡಲು ಘಟ್ಟಕ್ಕೇ ಹೋಗಬೇಕೆ?

ಜುಲೈ ಬಂತೆಂದರೆ ಸಿಂಧನೂರು, ಲಿಂಗಸುಗೂರಿನ ಹುಡುಗರ ಮೊಬೈಲಿನ ತುಂಬ ಮುಳ್ಳಯ್ಯನಗಿರಿಯ ಮಂಜು. ಶನಿವಾರ ರಾತ್ರಿ ಟೆಂಪೊ ಟ್ರಾವೆಲರ್ ಗೊತ್ತುಮಾಡಿಕೊಂಡು 300 ಕಿಲೋಮೀಟರಿಗೂ ಮೀರಿದ ದಾರಿ ಹೋಗುತ್ತಾರೆ. ಬೆಳಿಗ್ಗೆ ವಾಹನಗಳ ಸಾಲಿನಲ್ಲಿ ಎರಡು ತಾಸು ಕೂತು, ತುದಿಯಲ್ಲಿ ಒಂದು ತಾಸು ನಿಂತು, ಸೋಮವಾರ ನಸುಕಿಗೆ ಕಣ್ಣುಜ್ಜಿಕೊಳ್ಳುತ್ತ ಊರಿಗೆ ಇಳಿಯುತ್ತಾರೆ. ಅವರ ಮೇಲೆ ನನಗೆ ಆಕ್ಷೇಪವಿಲ್ಲ. ಏಪ್ರಿಲ್‌, ಮೇ ತಿಂಗಳ ಬಿಸಿಲು ಉಂಡ ಮೈಗೆ ಮಂಜು ಬೇಕೆನಿಸುವುದು ಸಹಜ. ತಕರಾರಿರುವುದು ಅದೇ ಹುಡುಗರು ಹೇಳುವ ಇನ್ನೊಂದು ಮಾತಿನ ಬಗ್ಗೆ: “ನಮ್ಮ ಕಡೆ ಏನೈತ್ರೀ ನೋಡಾಕ? ಬರೇ ಕಲ್ಲು.”

ಈ ಮಾತನ್ನು ಅವರಿಗೆ ಕಲಿಸಿದವರು ದೊಡ್ಡವರು. ಸಿಂಧನೂರು ಎಂದರೆ ಭತ್ತ, ಲಿಂಗಸುಗೂರು ಎಂದರೆ ಹಟ್ಟಿಯ ಚಿನ್ನ, ಮಸ್ಕಿ ಎಂದರೆ ಅಶೋಕನ ಶಾಸನ. ಸ್ಪರ್ಧಾತ್ಮಕ ಪರೀಕ್ಷೆಯ ಒಂದು ಅಂಕದ ಉತ್ತರದಲ್ಲಿ ರಾಯಚೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳೂ ಮುಗಿದುಹೋಗುತ್ತವೆ. ನಿಸರ್ಗ ಎಂಬುದು ಶಿರಸಿ, ಚಿಕ್ಕಮಗಳೂರು, ಕೊಡಗಿನವರ ಆಸ್ತಿ, ನಮ್ಮದು ದುಡಿಯುವ ನೆಲ ಎಂಬ ತಿಳಿವಳಿಕೆ ಮನೆಯಿಂದ ಕಚೇರಿಯ ತನಕ ಹಬ್ಬಿದೆ. ಹಸಿರಿದ್ದರೆ ಮಾತ್ರ ಅದು ಪ್ರಕೃತಿ, ಕಲ್ಲಿದ್ದರೆ ಬರಿ ಜಾಗ. ಈ ತಿಳಿವಳಿಕೆಗೆ ಒಂದು ಬೆಲೆ ಇದೆ, ಅದನ್ನು ನಾವು ಈಗಾಗಲೇ ತೆರುತ್ತಿದ್ದೇವೆ. ಜನ ನಡೆದು ನೋಡದ ಗುಡ್ಡಕ್ಕೆ ಸಾಕ್ಷಿ ಹೇಳುವವರಿರುವುದಿಲ್ಲ. ಕಲ್ಲುಗಣಿಯ ಗುತ್ತಿಗೆಗೆ ಅರ್ಜಿ ಬಿದ್ದ ದಿನ ಆ ಗುಡ್ಡದ ಪರವಾಗಿ ಕಡತದಲ್ಲಿ ಒಂದು ಸಾಲೂ ಇರುವುದಿಲ್ಲ. ಆದ್ದರಿಂದ ಒಂದು ದಿನದ ಚಾರಣವನ್ನು ಬಿಡುವಿನ ಮೋಜೆಂದು ತಳ್ಳಿಹಾಕದೆ, ಈ ಭಾಗದ ಜನ ತಮ್ಮ ನೆಲದ ಮೇಲೆ ಹಕ್ಕು ಉಳಿಸಿಕೊಳ್ಳುವ ಒಂದು ರೂಢಿಯೆಂದು ಬೆಳೆಸಬೇಕು ಎಂಬುದು ನನ್ನ ವಾದ.

ಮೊದಲು ಆ ‘ಬರೇ ಕಲ್ಲಿ’ನ ವಿಚಾರ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ಎಡೆದೊರೆ ನಾಡಿನಲ್ಲಿ ಎರಡು ಬಗೆಯ ಕಲ್ಲುಗಳು ಅಕ್ಕಪಕ್ಕ ಇವೆ. ಒಂದು ಗ್ರಾನೈಟ್ ಮತ್ತು ನೈಸ್‌. ನೆಲದಾಳದಲ್ಲಿ ರೂಪುಗೊಂಡ ಈ ಶಿಲೆಗಳಲ್ಲಿ ಅಡ್ಡಕ್ಕೂ ಉದ್ದಕ್ಕೂ ಬಿರುಕುಗಳಿರುತ್ತವೆ. ಬಿರುಕಿಗಿಳಿದ ನೀರು ಮೊದಲು ಮೂಲೆಗಳನ್ನು ಕೊಳೆಸುತ್ತದೆ, ಏಕೆಂದರೆ ಮೂಲೆಗೆ ಮೂರು ಕಡೆಯಿಂದ ನೀರು ತಾಗುತ್ತದೆ. ಹೀಗೆ ಚೌಕ ತುಂಡುಗಳು ಒಳಗೊಳಗೇ ದುಂಡಗಾಗುತ್ತ ಹೋಗುತ್ತವೆ. ಮೇಲಿನ ಕೊಳೆತ ಮಣ್ಣನ್ನು ಲಕ್ಷಾಂತರ ವರ್ಷಗಳ ಮಳೆ ತೊಳೆದ ಬಳಿಕ ಉಳಿದದ್ದೇ ನಾವು ಕಾಣುವ ಗುಂಡುಗಳ ರಾಶಿ. ಒಂದರ ಮೇಲೊಂದು ಯಾರೋ ಪೇರಿಸಿಟ್ಟಂತೆ ಕಾಣುವ ಬಂಡೆಗಳನ್ನು ಯಾರೂ ಪೇರಿಸಿಲ್ಲ, ಅವು ಇದ್ದಲ್ಲೇ ಇವೆ, ಸುತ್ತಲಿನದು ಹೋಗಿದೆ. ಮಸ್ಕಿಯಿಂದ ಮುದಗಲ್ಲಿನ ಕಡೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಕಾಣುವ ಗುಡ್ಡಗಳಲ್ಲಿ ಇದನ್ನು ಪಾಠದಂತೆ ಓದಬಹುದು.

ಇನ್ನೊಂದು ಬಗೆಯದು ಭೂವಿಜ್ಞಾನಿಗಳು ಹಟ್ಟಿ–ಮಸ್ಕಿ ಶಿಲಾಪಟ್ಟಿ ಎಂದು ಕರೆಯುವ ಕಪ್ಪು–ಹಸಿರು ಛಾಯೆಯ ಶಿಲೆಗಳು. ಸುಮಾರು 250 ಕೋಟಿ ವರ್ಷಕ್ಕೂ ಹಿಂದೆ ನೀರಿನಡಿಯಲ್ಲಿ ಉಕ್ಕಿದ ಲಾವಾ ಇವುಗಳ ಮೂಲ. ಚಿನ್ನ ಸಿಗುವುದು ಈ ಪಟ್ಟಿಯಲ್ಲೇ. ಹಟ್ಟಿಯಲ್ಲಿ ಈಗಿನ ಕಂಪನಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಲ್ಲಿ ಶುರುವಾದದ್ದು 1947ರಲ್ಲಿ. ಆದರೆ ಅದಕ್ಕೂ ಎಷ್ಟೋ ಹಿಂದೆ, ಸುಮಾರು ಎರಡು ಸಾವಿರ ವರ್ಷಗಳ ಕೆಳಗೆ, ಬೆಂಕಿ ಹಾಕಿ ಬಂಡೆ ಸೀಳುತ್ತ ನೂರಾರು ಅಡಿ ಆಳಕ್ಕೆ ಇಳಿದವರ ಹಳೆಯ ಗುಂಡಿಗಳು ಅಲ್ಲಿ ಸಿಕ್ಕಿವೆ. ಚಿತ್ರದುರ್ಗ ಬಳಿಯ ಮರಡಿಹಳ್ಳಿಯಲ್ಲಿ ಇಂಥದೇ ಪುರಾತನ ಲಾವಾ ಬಂಡೆಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿ ಫಲಕ ಹಾಕಿದ್ದಾರೆ. ಲಾಲ್‌ಬಾಗಿನ ಬಂಡೆಗೂ ಆ ಗೌರವ ಸಂದಿದೆ. ನಮ್ಮ ಪಟ್ಟಿಯ ಮೇಲೆ ದನ ಮೇಯುತ್ತಿವೆ. ಮೇಯಲಿ, ಅದಕ್ಕೇನೂ ದೋಷವಿಲ್ಲ. ಆದರೆ ಅದರ ಮೇಲೆ ನಡೆದಾಡುವ ಒಬ್ಬ ಕಾಲೇಜು ಹುಡುಗನಿಗಾದರೂ ತನ್ನ ಕಾಲಡಿ ಏನಿದೆ ಎಂದು ಗೊತ್ತಿರಬೇಡವೆ?

ಮಸ್ಕಿಯ ಶಾಸನದ ಕಥೆಯನ್ನು ನಾವು ಅರ್ಧ ಮಾತ್ರ ಹೇಳುತ್ತೇವೆ. ‘ದೇವಾನಾಂಪಿಯ’ ಎಂಬ ಬಿರುದಿನ ದೊರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ, ಮೊದಲು ಬೆಳಕಿಗೆ ಬಂದ ಶಾಸನ ಅದು. ಇದು ಎಲ್ಲ ಪುಸ್ತಕದಲ್ಲಿದೆ. ಅದು ಸಿಕ್ಕ ಬಗೆ ಅಷ್ಟಾಗಿ ಯಾರಿಗೂ ಬೇಕಾಗಿಲ್ಲ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ಸುಳಿವು ಅರಸುತ್ತ ಈ ಗುಡ್ಡಗಳಲ್ಲಿ ಅಲೆಯುತ್ತಿದ್ದ. ಬಂಡೆಗಳ ಮರೆಯ ಗವಿಯೊಂದರಲ್ಲಿ ಅಕ್ಷರ ಕಂಡವು. ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಅದನ್ನು ಓದಿ ಪ್ರಕಟಿಸಿದರು. ಬೀಡನ್‌ಗಿಂತ ಮುಂಚೆ, 19ನೇ ಶತಮಾನದಲ್ಲಿ, ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಇದೇ ಸೀಮೆಯನ್ನು ಸುತ್ತಿ ಶಿಲಾಯುಗದ ಜನರ ಕುರುಹು ಹೆಕ್ಕಿದ್ದ. 1952ರಲ್ಲಿ ಎಫ್‌.ಆರ್. ಆಲ್ಚಿನ್ ಮುದಗಲ್ಲಿನ ಹತ್ತಿರದ ಪಿಕ್ಲಿಹಾಳದಲ್ಲಿ ಅಗೆದು, ಸುತ್ತಲ ಬಂಡೆಗಳ ಮೇಲಿನ ಗೂಳಿಗಳ ಚಿತ್ರಗಳನ್ನು ಲೆಕ್ಕಕ್ಕೆ ತೆಗೆದುಕೊಂಡರು. ನಾಲ್ಕು ಸಾವಿರ ವರ್ಷಗಳಾಚೆ ದನ ಕಾಯುತ್ತ ಈ ಗುಡ್ಡಗಳ ನೆರಳಲ್ಲಿ ಬದುಕಿದ ಜನ ಬಂಡೆಗೆ ಕಲ್ಲು ಕುಟ್ಟಿ ಮೂಡಿಸಿದ ಗುರುತುಗಳು ಅವು. 1954ರಲ್ಲಿ ಬಿ.ಕೆ. ಥಾಪರ್ ಮಸ್ಕಿಯನ್ನು ಅಗೆದರು. ಇವರಲ್ಲಿ ಹೆಚ್ಚಿನವರು ಹೊರಗಿನಿಂದ ಬಂದವರು, ಬೇರೆ ಬೇರೆ ಕೆಲಸದ ಮೇಲೆ ಬಂದವರು. ಎಲ್ಲರೂ ನಡೆದರು ಎಂಬುದೊಂದೇ ಅವರಲ್ಲಿ ಸಮಾನವಾದದ್ದು. ಈ ನೆಲದ ಬಗ್ಗೆ ಪುಸ್ತಕದಲ್ಲಿರುವ ಬಹುಪಾಲು ತಿಳಿವಳಿಕೆ ಯಾರದೋ ಸವೆದ ಬೂಟಿನಿಂದ ಬಂದದ್ದು, ಅವರಿಗೆ ದಾರಿ ತೋರಿಸಿರಬಹುದಾದ ಕುರುಬರ ಹೆಸರು ಮಾತ್ರ ಎಲ್ಲಿಯೂ ದಾಖಲಾಗಿಲ್ಲ.

ಹಾಗಾದರೆ ನಮ್ಮವರು ನಡೆಯುವುದಿಲ್ಲವೆ? ನಡೆಯುತ್ತಾರೆ, ಅದೂ ಬೆಂಗಳೂರಿನ ಯಾವ ಚಾರಣಿಗನೂ ನಡೆಯದಷ್ಟು. ಯುಗಾದಿಗೆ ಮುನ್ನ ಶ್ರೀಶೈಲಕ್ಕೆ ಪಾದಯಾತ್ರೆ ಹೊರಟವರು ಲಿಂಗಸುಗೂರು, ರಾಯಚೂರಿನ ಹಾದಿಯಲ್ಲಿ ಸಾವಿರಗಟ್ಟಲೆ ಸಾಗುತ್ತಾರೆ, ಊರೂರಲ್ಲಿ ಅವರಿಗೆ ಊಟ, ಮಜ್ಜಿಗೆ, ಕಾಲಿಗೆ ಎಣ್ಣೆ. ಎರಡನೇ ಶ್ರೀಶೈಲ ಎಂದೇ ಕರೆಸಿಕೊಳ್ಳುವ ಮಸ್ಕಿಯ ಮಲ್ಲಯ್ಯನ ಗುಡ್ಡವನ್ನು ಶ್ರಾವಣದಲ್ಲಿ ಮುದುಕಿಯರೂ ಹತ್ತುತ್ತಾರೆ. ಸಿಂಧನೂರು ತಾಲ್ಲೂಕಿನ ಸೋಮಲಾಪುರದ ಸಿದ್ಧಪರ್ವತ ಅಂಬಾಮಠಕ್ಕೆ, ಚಿದಾನಂದಾವಧೂತರ ನೆನಪು ಅಂಟಿಕೊಂಡಿರುವ ಆ ಗುಡ್ಡಕ್ಕೆ, ಬನದ ಹುಣ್ಣಿಮೆಯ ಜಾತ್ರೆಯಲ್ಲಿ ಬರುವ ಜನಕ್ಕೆ ಲೆಕ್ಕವಿಲ್ಲ. ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲಿ ಊಟ ಮಾಡುವುದೂ ಒಂದು ಬಗೆಯಲ್ಲಿ ಬಯಲಿಗೆ ಹೋಗಿ ಬರುವ ಹಬ್ಬವೇ. ಆದ್ದರಿಂದ ನಡಿಗೆಯನ್ನು ಈ ಸೀಮೆಗೆ ಹೊಸದಾಗಿ ತಂದು ಕೊಡಬೇಕಿಲ್ಲ.

ಆದರೆ ಈ ಎಲ್ಲ ನಡಿಗೆಗೂ ಒಂದು ಕಾರಣಪತ್ರ ಬೇಕು: ದೇವರು, ಹರಕೆ, ಹಬ್ಬ. ಸುಮ್ಮನೆ ಗುಡ್ಡ ನೋಡಲು ಹೋಗುತ್ತೇನೆ ಎಂದರೆ ಮನೆಯಲ್ಲಿ ಹುಬ್ಬೇರುತ್ತದೆ. ಹೆಣ್ಣುಮಕ್ಕಳ ಮಟ್ಟಿಗಂತೂ ಇದು ನಿಷ್ಠುರ ಸತ್ಯ. ಅವರು ಗುಡ್ಡಕ್ಕೆ ಹೋಗುವುದು ಕಟ್ಟಿಗೆಗೆ, ಇಲ್ಲವೇ ಹರಕೆಗೆ. ಮೂರನೆಯ ಕಾರಣವೊಂದನ್ನು ಸಮಾಜ ಒಪ್ಪುವಂತೆ ಮಾಡುವುದು ಸಣ್ಣ ಸಂಗತಿಯಲ್ಲ. ಸಿಂಧನೂರಿನ ಪದವಿ ಕಾಲೇಜಿನ ಹತ್ತು ಹುಡುಗಿಯರು ತಮ್ಮ ಭೂಗೋಳದ ಮೇಡಂ ಜೊತೆ ಒಂದು ಬೆಳಿಗ್ಗೆ ಗುಡ್ಡ ಹತ್ತಿ ಇಳಿದರೆ ಆ ತಾಲ್ಲೂಕಿನಲ್ಲಿ ಏನೋ ಬದಲಾಗಿದೆ ಎಂದು ನಾನು ನಂಬುತ್ತೇನೆ. ಇನ್ನೊಂದು ಮಾತು: ಗುಡಿಯ ಬಾಗಿಲಲ್ಲಿ ಜಾತಿಯ ಕಟ್ಟುಪಾಡು ಇರಬಹುದು, ಬಂಡೆಯ ನೆತ್ತಿಯ ಮೇಲೆ ಅದಿಲ್ಲ.

ಇನ್ನು ಜಲಪಾತಗಳು. ಇಲ್ಲಿ ಸ್ವಲ್ಪ ಖಡಕ್ಕಾಗಿ ಮಾತಾಡಬೇಕು. ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ಸೀಮೆಯಲ್ಲಿ ಗುಂಡಲಬಂಡಾ ಎಂಬ ಜಲಪಾತವಿದೆ. ಮಳೆ ಚೆನ್ನಾಗಿ ಬಿದ್ದ ವರ್ಷ ಹಳ್ಳ ತುಂಬಿ ಬಂಡೆಯಿಂದ ಧುಮುಕುತ್ತದೆ, ವಾರಗಟ್ಟಲೆ ಮಳೆ ನಿಂತರೆ ಬಂಡೆ ಒಣಗುತ್ತದೆ. ಪತ್ರಿಕೆಯವರು, ಯೂಟ್ಯೂಬಿನವರು ಇಂಥ ತಾಣ ಕಂಡ ಕೂಡಲೇ ‘ಮಿನಿ ಜೋಗ’ ಎಂದು ಹೆಸರಿಡುತ್ತಾರೆ. ಜೋಗವನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವನಿಗೆ ನಿರಾಶೆಯಾಗದೆ ಇನ್ನೇನಾದೀತು? ಶರಾವತಿ ಹರಿಯುವ ಮಲೆನಾಡಿನ ಮಣ್ಣು ಮಳೆ ಹೀರಿಕೊಂಡು ತಿಂಗಳುಗಟ್ಟಲೆ ನೀರು ಒಸರಿಸುತ್ತದೆ. ನಮ್ಮಲ್ಲಿ ವರ್ಷಕ್ಕೆ ಬೀಳುವುದೇ ಆರೇಳುನೂರು ಮಿಲಿಮೀಟರ್. ಗುಡ್ಡದ ಮೇಲೆ ಮಣ್ಣೇ ತೆಳು. ಬಿದ್ದ ನೀರು ಬಂಡೆಯ ಮೇಲೆ ಜಾರಿ ತಾಸೊಪ್ಪತ್ತಿನಲ್ಲಿ ಹಳ್ಳ ಸೇರುತ್ತದೆ, ಹಳ್ಳ ಉಕ್ಕುತ್ತದೆ, ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಈ ಸೀಮೆಯ ಜಲಪಾತ ಋತುವಿನ ಮಗು. ಅದು ಸೆಪ್ಟೆಂಬರಿನಲ್ಲಿ ಇರುತ್ತದೆ, ಫೆಬ್ರವರಿಯಲ್ಲಿ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಬೇಸಿಗೆಯಲ್ಲೂ ನೀರು ಬೀಳಲೆಂದು ಅಡ್ಡಗಟ್ಟೆ ಕಟ್ಟಿ, ಕಬ್ಬಿಣದ ಕಟಕಟೆ ಹಾಕಿ, ಪಕ್ಕದಲ್ಲೊಂದು ಉದ್ಯಾನ ಮಾಡಿ ‘ಅಭಿವೃದ್ಧಿ’ಪಡಿಸಬೇಕೆಂಬ ಬೇಡಿಕೆ ಎದ್ದರೆ ಅದನ್ನು ವಿರೋಧಿಸುವವರಲ್ಲಿ ನಾನೂ ಒಬ್ಬ.

ಕಾಣದ ಅಪಾಯವೂ ಇಲ್ಲೇ ಇದೆ. ಘಟ್ಟದ ಹೊಳೆಗಳನ್ನು ಕಂಡು ಹೆದರುವವರು ನಮ್ಮ ಹಳ್ಳಗಳನ್ನು ಕಂಡು ಹೆದರುವುದಿಲ್ಲ, ವರ್ಷದ ಹತ್ತು ತಿಂಗಳು ಅದರಲ್ಲಿ ಮೊಣಕಾಲು ಮುಳುಗುವಷ್ಟೂ ನೀರಿರುವುದಿಲ್ಲವಲ್ಲ. 2020ರ ಅಕ್ಟೋಬರಿನಲ್ಲಿ ಮಸ್ಕಿ ಹಳ್ಳದ ಪ್ರವಾಹದ ನಡುವೆ ಸಿಕ್ಕಿಕೊಂಡವರಲ್ಲಿ ಒಬ್ಬರು, ದಂಡೆಯಲ್ಲಿ ಜನ ನಿಂತು ನೋಡುತ್ತಿರುವಾಗಲೇ ಕೊಚ್ಚಿಹೋದರು. ಮೇಲ್ಗಡೆ ಮರಲದಿನ್ನಿಯ ಮಸ್ಕಿ ನಾಲಾ ಜಲಾಶಯವಿದೆ. ಇಲ್ಲಿ ಮೋಡವಿಲ್ಲದಿದ್ದರೂ ಅಲ್ಲಿ ಮಳೆಯಾದರೆ ಹಳ್ಳ ಏರುತ್ತದೆ. ಕೃಷ್ಣೆಯದು ಇನ್ನೂ ದೊಡ್ಡ ಲೆಕ್ಕ. ಲಿಂಗಸುಗೂರಿನ ಜಲದುರ್ಗ ಕೋಟೆ ನಿಂತಿರುವುದು ನದಿ ಸೀಳಿ ಮಾಡಿದ ನಡುಗಡ್ಡೆಯ ಎತ್ತರದಲ್ಲಿ. ಕೊತ್ತಲದ ಮೇಲಿಂದ ಕಾಣುವ ಕೃಷ್ಣೆಯ ನೋಟಕ್ಕೆ ಈ ಜಿಲ್ಲೆಯಲ್ಲಿ ಸಾಟಿಯಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ಆದರೆ ನಾರಾಯಣಪುರ ಜಲಾಶಯದಿಂದ ಲಕ್ಷಗಟ್ಟಲೆ ಕ್ಯುಸೆಕ್ ನೀರು ಬಿಟ್ಟಾಗ ಶೀಲಹಳ್ಳಿಯ ಸೇತುವೆ ಮುಳುಗುತ್ತದೆ, ಕರಕಲಗಡ್ಡಿ, ಮ್ಯಾದರಗಡ್ಡಿಯಂಥ ನಡುಗಡ್ಡೆಯ ಜನ ದಿನಗಟ್ಟಲೆ ಆಚೆ ದಡಕ್ಕೆ ಬರಲಾರರು. ಅವರು ಔಷಧಿಗೆ, ರೇಷನ್ನಿಗೆ ಪರದಾಡುತ್ತಿರುವ ಹೊತ್ತಿನಲ್ಲಿ ಸೇತುವೆಯ ತುದಿಗೆ ಕಾರು ತಂದು ನಿಲ್ಲಿಸಿ ಸೆಲ್ಫಿ ತೆಗೆಯುವುದಿದೆಯಲ್ಲ, ಅದನ್ನು ಪ್ರವಾಸ ಎನ್ನಲು ನನ್ನ ನಾಲಿಗೆ ಏಳದು.

ಈಗ ನನ್ನ ವಾದದ ತಿರುಳಿಗೆ ಬರುತ್ತೇನೆ. ಈ ಮೂರು ತಾಲ್ಲೂಕುಗಳ ಬಹಳಷ್ಟು ಗುಡ್ಡಗಳು ಅರಣ್ಯವೂ ಅಲ್ಲ, ಸ್ಮಾರಕವೂ ಅಲ್ಲ. ಕಂದಾಯ ದಾಖಲೆಯಲ್ಲಿ ಅವು ಖರಾಬು, ಗಾಯರಾಣ. ಉಪಯೋಗಕ್ಕೆ ಬಾರದ್ದು ಅಥವಾ ದನ ಮೇಯಲು ಬಿಟ್ಟದ್ದು ಎಂದು ಬರೆದಿಟ್ಟ ನೆಲವನ್ನು ಯಾರಾದರೂ ಉಪಯೋಗಕ್ಕೆ ತರುತ್ತೇನೆಂದು ಮುಂದೆ ಬಂದರೆ ಬೇಡವೆನ್ನಲು ಕಾಗದದಲ್ಲಿ ಕಾರಣವಿರುವುದಿಲ್ಲ. ಮಸ್ಕಿಯ ಶಾಸನದ ಜಾಗ ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಪ್ರಾಚೀನ ಸ್ಮಾರಕಗಳ ಕಾಯಿದೆಯ 2010ರ ತಿದ್ದುಪಡಿಯ ಪ್ರಕಾರ ಇಂಥ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಆ 300 ಮೀಟರ್ ದಾಟಿದ ಮೇಲೆ? ಅದೇ ಗುಡ್ಡಸಾಲಿನ ಮುಂದಿನ ಗುಡ್ಡಕ್ಕೆ ಆ ಕಾಯಿದೆಯಲ್ಲಿ ಹೆಸರೂ ಇಲ್ಲ, ಊರಿನ ಬಾಯಲ್ಲಿ ಮಾತ್ರ ಇದೆ.

ಬಳ್ಳಾರಿ ಪಕ್ಕದ ಸಂಗನಕಲ್ಲು–ಕಪ್ಪಗಲ್ಲು ನೋಡಿ ಪಾಠ ಕಲಿಯಬಹುದಿತ್ತು. ನವಶಿಲಾಯುಗದ ಜನ ಕಲ್ಲುಕೊಡಲಿಗಳನ್ನು ರಾಶಿರಾಶಿಯಾಗಿ ತಯಾರಿಸಿದ ಜಾಗ ಅದು. ಬಂಡೆಯ ಮೇಲೆ ನೂರಾರು ಗೂಳಿಗಳ ರೇಖೆಗಳಿವೆ, ತಟ್ಟಿದರೆ ಗಂಟೆಯಂತೆ ದನಿಗೊಡುವ ಕಲ್ಲುಗಳೂ ಇವೆ. 2000ದ ದಶಕದಲ್ಲಿ ಸಂಶೋಧಕರು ಅಲ್ಲಿ ದಾಖಲೆ ಮಾಡಿಕೊಳ್ಳುತ್ತಿದ್ದಾಗ ಪಕ್ಕದಲ್ಲೇ ಗ್ರಾನೈಟಿಗಾಗಿ ಗುಡ್ಡ ಸೀಳುವ ಕೆಲಸ ನಡೆದಿತ್ತು. ಕೂಗೆದ್ದಿತು, ಏಕೆಂದರೆ ಕೂಗು ಹಾಕಲು ಅಲ್ಲಿ ಕೆಲವರಿದ್ದರು. ಈಗ ಬಳ್ಳಾರಿ ನಗರದಲ್ಲಿ ಬ್ರೂಸ್ ಫೂಟ್ ಹೆಸರಿನಲ್ಲಿ ಸಂಗನಕಲ್ಲು ವಸ್ತುಸಂಗ್ರಹಾಲಯವೇ ಇದೆ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಕಥೆ ಇನ್ನೂ ಚೆನ್ನ. ಊರಿನಿಂದ ಕಲ್ಲು ಮುಳ್ಳಿನ ಹಾದಿಯಲ್ಲಿ ಗುಡ್ಡ ಹತ್ತಿದರೆ ಮಾತ್ರ ಕಾಣುವ ನೂರಾರು ಶಿಲಾಸಮಾಧಿಗಳು 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿದವು. ಮೇಲಿನ ತನಕ ಡಾಂಬರು ರಸ್ತೆ ಇದ್ದಿದ್ದರೆ ಆ ಸಮಾಧಿಗಳ ಮೇಲೆ ಪ್ರೇಮಿಗಳ ಹೆಸರು ಎಷ್ಟು ಇರುತ್ತಿದ್ದವೋ.

ಜಲ್ಲಿ ಬೇಡವೆ, ಮನೆ ರಸ್ತೆ ಬೇಡವೆ ಎಂದು ಕೇಳುವವರಿದ್ದಾರೆ. ಬೇಕು. ಗಿಣಿಗೇರಾ–ಮಹಬೂಬ್‌ನಗರ ರೈಲು ಮಾರ್ಗ 2024ರಲ್ಲಿ ಸಿಂಧನೂರು ಮುಟ್ಟಿದಾಗ ಊರೇ ಸಂಭ್ರಮಿಸಿತು. ಹಳಿಯಡಿಯ ಜಲ್ಲಿಯೂ ಯಾವುದೋ ಗುಡ್ಡದ್ದೇ. ಕ್ರಷರಿನಲ್ಲಿ ದುಡಿಯುವವರಿಗೆ ಕೂಲಿ ಸಿಗುತ್ತದೆ ಎಂಬುದೂ ನಿಜ. ಲಿಂಗಸುಗೂರು, ಮಸ್ಕಿಯ ತಾಂಡಾಗಳಿಂದ ಬೆಂಗಳೂರಿಗೆ, ಪುಣೆಗೆ ಗುಳೆ ಹೋಗುವವರ ಮುಂದೆ ಗುಡ್ಡದ ಚೆಲುವಿನ ಬಗ್ಗೆ ಉಪದೇಶ ಮಾಡುವಷ್ಟು ಮೊಂಡು ಧೈರ್ಯ ನನಗಿಲ್ಲ. ಆದರೆ ಎಲ್ಲ ಗುಡ್ಡವೂ ಒಂದೇ ಅಲ್ಲ. ಒಂದರಲ್ಲಿ ಬರಿ ಕಲ್ಲಿರಬಹುದು, ಇನ್ನೊಂದರಲ್ಲಿ ಗೂಳಿಯ ಚಿತ್ರವಿರಬಹುದು, ಮತ್ತೊಂದರ ಬುಡದ ದೊಣೆಯಲ್ಲಿ ಮಾರ್ಚ್ ತನಕ ಕುರಿಗೆ ಕುಡಿಯುವ ನೀರಿರಬಹುದು, ಮಗದೊಂದರ ಸೀತಾಫಲ ಮೂರು ಹಳ್ಳಿಯ ಹೆಂಗಸರಿಗೆ ದಸರೆಯ ಹೊತ್ತಿನ ಸಂತೆ ಖರ್ಚು ಕೊಡುತ್ತಿರಬಹುದು. ಯಾವುದನ್ನು ಒಡೆಯಬೇಕು, ಯಾವುದನ್ನು ಬಿಡಬೇಕು ಎಂದು ಆರಿಸುವುದಕ್ಕಾದರೂ ಅವುಗಳ ಪರಿಚಯ ಬೇಕಲ್ಲ? ಆ ಪರಿಚಯ ಕಚೇರಿಯಲ್ಲಿ ಕೂತು ಸರ್ವೆ ನಂಬರು ಓದಿದರೆ ಬರುವುದಿಲ್ಲ.

ನಡೆಯುವುದರಿಂದ ಹಕ್ಕು ಹುಟ್ಟುತ್ತದೆ ಎಂಬುದಕ್ಕೆ ದೂರದ ಒಂದು ನಿದರ್ಶನವಿದೆ. 1932ರ ಏಪ್ರಿಲ್ 24ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಕಡೆಯ ಕಾರ್ಖಾನೆ ಕೂಲಿಗಳು, ನಿರುದ್ಯೋಗಿ ಹುಡುಗರು ನೂರಾರು ಮಂದಿ ಸೇರಿ ಕಿಂಡರ್ ಸ್ಕೌಟ್ ಎಂಬ ಗುಡ್ಡವನ್ನು ಹತ್ತಿದರು. ಅದು ಜಮೀನುದಾರರು ಬೇಟೆಗೆಂದು ಬೇಲಿ ಹಾಕಿಕೊಂಡಿದ್ದ ಗುಡ್ಡ. ಐವರು ಜೈಲಿಗೆ ಹೋದರು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯಿದೆ ಬಂತು, 2000ದಲ್ಲಿ ತೆರೆದ ಬೆಟ್ಟ–ಬಯಲುಗಳಲ್ಲಿ ನಡೆಯುವ ಹಕ್ಕನ್ನು ಕಾನೂನೇ ಒಪ್ಪಿತು. ಆ ಹುಡುಗರು ಪರಿಸರವಾದಿಗಳಾಗಿರಲಿಲ್ಲ. ವಾರವಿಡೀ ಹೊಗೆ ಕುಡಿದವರು, ಭಾನುವಾರ ಗಾಳಿ ಬೇಕೆಂದು ಹೊರಟವರು. ನಮ್ಮಲ್ಲಿ ಬೇಲಿ ಮುರಿಯಬೇಕಾದ ಪ್ರಮೇಯವೇ ಇಲ್ಲ, ಗ್ರಾಮ ನಕಾಶೆಯಲ್ಲಿ ಚುಕ್ಕೆ ಗೆರೆಯಾಗಿ ಕಾಲುದಾರಿ, ಬಂಡಿದಾರಿಗಳು ಇಂದಿಗೂ ಇವೆ. ನಕಾಶೆಯಲ್ಲಿರುವ ದಾರಿಯಲ್ಲಿ ನಡೆಯಲು ಯಾರ ಅಪ್ಪಣೆಯೂ ಬೇಡ. ಬಳಕೆ ತಪ್ಪಿದ ದಾರಿ ಮಾತ್ರ ಒತ್ತುವರಿಯಾಗುತ್ತದೆ.

ಇದಕ್ಕೆ ಬರುವ ದೊಡ್ಡ ಆಕ್ಷೇಪ ನನಗೂ ಗೊತ್ತು. ಜನ ಹೋದಲ್ಲೆಲ್ಲ ಬಾಟಲಿ, ಗುಟ್ಕಾ ಚೀಟಿ, ಡಿಜೆ. 2024ರ ಜನವರಿ ಕೊನೆಯಲ್ಲಿ ಘಟ್ಟದ ಕುಮಾರಪರ್ವತಕ್ಕೆ ಒಮ್ಮೆಗೇ ಸಾವಿರಾರು ಮಂದಿ ನುಗ್ಗಿದ ದೃಶ್ಯಗಳನ್ನು ನೋಡಿ ಅರಣ್ಯ ಸಚಿವರು ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ನಿಲ್ಲಿಸಬೇಕಾಯಿತು. ಸಂಖ್ಯೆಗೆ ಮಿತಿ ಬಂತು. ಆ ಗತಿ ನಮ್ಮ ಗುಡ್ಡಗಳಿಗೆ ಬರುವುದಾದರೆ ಯಾರಿಗೂ ಗೊತ್ತಿಲ್ಲದೆ ಇರುವುದೇ ಮೇಲಲ್ಲವೆ? ಒಪ್ಪುತ್ತಿದ್ದೆ, ಗೊತ್ತಿಲ್ಲದ ಗುಡ್ಡಗಳು ಉಳಿದುಕೊಂಡಿದ್ದರೆ. ಅವು ಉಳಿಯುತ್ತಿಲ್ಲ. ಕುಮಾರಪರ್ವತಕ್ಕೆ ಆ ನೂಕುನುಗ್ಗಲು ಬಂದದ್ದೇ ಇಡೀ ನಾಡಿನ ಹುಡುಗರು ನಾಲ್ಕೈದು ಹೆಸರುಗಳ ಹಿಂದೆ ಬಿದ್ದದ್ದರಿಂದ. ಅವರವರ ತಾಲ್ಲೂಕಿನ ಗುಡ್ಡಕ್ಕೆ ಅವರವರು ಹೋದರೆ ಘಟ್ಟದ ಭಾರವೂ ಇಳಿಯುತ್ತದೆ. ತನ್ನ ಮಾವನ ಊರಿನ ಗುಡ್ಡದಲ್ಲಿ ಬಾಟಲಿ ಒಡೆಯಲು ಹುಡುಗ ಒಂದು ಗಳಿಗೆ ಯೋಚಿಸುತ್ತಾನೆ, ಕೆಳಗೆ ಕುರಿ ಬಿಟ್ಟವನು ಅವನ ಹೆಸರು ಹಿಡಿದೇ ಬೈಯುತ್ತಾನೆ. ಪರಸ್ಥಳದಲ್ಲಿ ಆ ಅಂಕೆ ಇರುವುದಿಲ್ಲ.

ಹಾಗೆಂದು ಇದನ್ನು ಪ್ರವಾಸೋದ್ಯಮ ಇಲಾಖೆಯ ಯೋಜನೆಯಾಗಿಸಿ ಎಂದು ನಾನು ಬೇಡುತ್ತಿಲ್ಲ, ಬೇಡ ಎಂದೇ ಕೈಮುಗಿಯುತ್ತೇನೆ. ಮೆಟ್ಟಿಲು ಬೇಡ, ಸಿಮೆಂಟಿನ ಚಿರತೆ ಬೇಡ, ಸ್ವಾಗತ ಕಮಾನು ಬೇಡ. ಗ್ರಾಮ ಪಂಚಾಯಿತಿಗಳಲ್ಲಿ 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಗಿಡ, ಪ್ರಾಣಿ, ನೀರಿನ ತಾಣಗಳ ದಾಖಲಾತಿ ಇಡಬೇಕು. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ಪಾರಂಪರಿಕ ತಾಣವಾದದ್ದು ಇದೇ ಕಾಯಿದೆಯಿಂದ. ನಮ್ಮ ಪಂಚಾಯಿತಿಗಳ ದಾಖಲಾತಿಯಲ್ಲಿ ಗುಡ್ಡಗಳನ್ನು ಹೆಸರು ಸಮೇತ ಸೇರಿಸಲು ಹಣ ಬೇಕಿಲ್ಲ. ಒಂದು ಶಾಲೆ, ಒಬ್ಬ ಉತ್ಸಾಹಿ ಮಾಸ್ತರು, ಗುಡ್ಡದ ಮೂಲೆ ಮೂಲೆ ಬಲ್ಲ ಒಬ್ಬ ಕುರಿಗಾಹಿ ಇದ್ದರೆ ಆ ಕೆಲಸ ಆಗುತ್ತದೆ. ಆ ಕುರಿಗಾಹಿಗೆ ದಿನದ ಕೂಲಿ ಕೊಟ್ಟು ಕರೆದುಕೊಂಡು ಹೋಗಬೇಕು, ಪುಗಸಟ್ಟೆ ದಾರಿ ಕೇಳಿ ಹೆಸರು ಮರೆಯುವುದು ಬ್ರೂಸ್ ಫೂಟ್ ಕಾಲಕ್ಕೇ ಮುಗಿಯಲಿ.

ಹೋಗುವವರಿಗೆ ಎರಡು ಮಾತು. ಘಟ್ಟದ ಪಂಚಾಂಗ ಇಲ್ಲಿ ನಡೆಯದು. ಗುಡ್ಡಕ್ಕೆ ಕಾಲ ದಸರೆಯಿಂದ ಶಿವರಾತ್ರಿಯ ತನಕ, ಹಳ್ಳದ ನೀರಿಗೆ ಭಾದ್ರಪದ, ಆಶ್ವಯುಜ. ನಸುಕಿಗೆ ಹೊರಟು ಹತ್ತು ಗಂಟೆಯೊಳಗೆ ಇಳಿಯಬೇಕು, ಬಂಡೆ ಕಾದ ಮೇಲೆ ಚಪ್ಪಲಿಯೂ ಸುಡುತ್ತದೆ. ಬಂಡೆಯ ಹೊಟ್ಟೆಗೆ ಹೆಜ್ಜೇನು ಕಟ್ಟಿದ್ದರೆ ಅಲ್ಲಿ ಕೂಗಾಟವಿಲ್ಲ, ಬೆಂಕಿಯಿಲ್ಲ, ಸುಗಂಧವಿಲ್ಲ. ಚಿರತೆಗೆ ಹೆದರುವುದಕ್ಕಿಂತ ಒಣ ಹುಲ್ಲಿನೊಳಗಿನ ಕೊಳಕುಮಂಡಲಕ್ಕೆ ಹೆದರುವುದು ಜಾಣತನ. ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಗೆ ಪ್ಲಾಸ್ಟಿಕ್ ಬೇಕಿಲ್ಲ, ಬಟ್ಟೆ ಸಾಕು. ಹೊಲ ದಾಟುವಾಗ ಹೊಲದವರನ್ನು ಕೇಳಿ, ಬದುವಿನ ಮೇಲೆ ನಡೆಯಿರಿ. ಬಂಡೆಯ ಮೇಲೆ ಚಿತ್ರ ಕಂಡರೆ ಮುಟ್ಟಬೇಡಿ, ನೀರು ಎರಚಬೇಡಿ. ಫೋಟೊ ತೆಗೆದು ಸರ್ವೆ ನಂಬರಿನೊಂದಿಗೆ ಪಂಚಾಯಿತಿಗೂ ಪುರಾತತ್ವ ಇಲಾಖೆಗೂ ಬರೆಯಿರಿ. ರೀಲ್ಸ್ ಹಾಕುವವರು ದಯವಿಟ್ಟು ಜಾಗದ ಗುರುತು ಹಾಕದೆ ಹಾಕಿ.

ಕೊನೆಯದಾಗಿ ಅಧಿಕಾರದಲ್ಲಿರುವವರಿಗೆ ಒಂದು ಮನವಿ. ಕಟ್ಟಡ ಕಲ್ಲಿನ ಗುತ್ತಿಗೆಯ ಕಡತ ಗಣಿ ಮತ್ತು ಭೂವಿಜ್ಞಾನ ಇಲಾಖೆಯಿಂದ ಕಂದಾಯ ಇಲಾಖೆಯ ಅಭಿಪ್ರಾಯಕ್ಕೆ ಬರುತ್ತದೆ. ಅಭಿಪ್ರಾಯ ಬರೆಯುವ ಮುನ್ನ ಸಿಂಧನೂರು, ಲಿಂಗಸುಗೂರು, ಮಸ್ಕಿಯ ತಹಸೀಲ್ದಾರರು ಒಂದು ಬೆಳಿಗ್ಗೆ ಆ ಗುಡ್ಡವನ್ನು ಕಾಲ್ನಡಿಗೆಯಲ್ಲಿ ಹತ್ತಿ ಇಳಿಯಲಿ, ಊರಿನ ನಾಲ್ಕು ಜನರನ್ನು ಜೊತೆಗೆ ಕರೆದೊಯ್ಯಲಿ, ಕಂಡದ್ದನ್ನು ಕಡತದಲ್ಲಿ ಬರೆಯಲಿ. ಅದಕ್ಕೆ ಹೊಸ ಕಾಯಿದೆ ಬೇಕಿಲ್ಲ, ಜಿಲ್ಲಾಧಿಕಾರಿಗಳ ಒಂದು ಸುತ್ತೋಲೆ ಸಾಕು.